ಭಾಷಣ ನಿಲ್ಲಿಸುವ ಗಂಟೆಯಕ್ಕ

ಬೆಳಗಿನ ಐದೂ ಮುಕ್ಕಾಲು. ಸಮ್ಮೇಳನ ಭವನದ ಕಾವಲುಗಾರ ಆಕಳಿಸುತ್ತಾ ದೊಡ್ಡ ಬಾಗಿಲಿನ ಬೀಗ ತೆಗೆಯುತ್ತಿದ್ದಾನೆ. ಅವನ ಬೆನ್ನ ಹಿಂದೆ ಮರದ ಸ್ಟೂಲನ್ನು ಕಂಕುಳಲ್ಲಿ ಇರುಕಿಕೊಂಡು ಒಬ್ಬ ಹೆಂಗಸು ನಿಂತಿದ್ದಾರೆ. ವಯಸ್ಸು ಅರವತ್ತೊಂದು. ಬಾಗಿಲು ತೆರೆದದ್ದೇ ತಡ, ದೀಪ ಹಾಕುವುದಕ್ಕೂ ಕಾಯದೆ ಒಳಗೆ ನಡೆಯುತ್ತಾರೆ. ಮೊದಲನೇ ಕೋಣೆಯ ಗೋಡೆಗೆ ಸ್ಟೂಲು ಹಾಕಿ ಹತ್ತುತ್ತಾರೆ. ಗಡಿಯಾರವನ್ನು ಮೊಳೆಯಿಂದ ಇಳಿಸಿ, ಗಾಜು ಒರೆಸಿ, ತಮ್ಮ ಕೈಗಡಿಯಾರ ನೋಡಿಕೊಂಡು ಮುಳ್ಳನ್ನು ಸರಿಮಾಡಿ ಮತ್ತೆ ನೇತುಹಾಕುತ್ತಾರೆ. ಆಮೇಲೆ ಎರಡನೇ ಕೋಣೆ.

ಒಟ್ಟು ಒಂಬತ್ತು ಕೋಣೆ, ಒಂಬತ್ತು ಗಡಿಯಾರ. ಒಂದೊಂದರ ಗುಣವೂ ಅವರಿಗೆ ಗೊತ್ತು. ಮೂರನೆಯದು ಸೋಮಾರಿ, ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ. ಏಳನೆಯದಕ್ಕೆ ಸದಾ ಅವಸರ. ಮುಖ್ಯ ಸಭಾಂಗಣದ್ದು ಮಾತ್ರ ಗಟ್ಟಿ ಆಸಾಮಿ, ಆದರೂ ಅದನ್ನು ಅವರು ನಂಬುವುದಿಲ್ಲ. “ಒಂಬತ್ತೂ ಒಂದೇ ಮಾತು ಹೇಳ್ಬೇಕು ನೋಡಿ,” ಎನ್ನುತ್ತಾರೆ ಸ್ಟೂಲಿನ ಮೇಲಿಂದಲೇ. “ಇಲ್ದಿದ್ರೆ ಭಾಷಣ ಮಾಡೋರು ಅವರವರಿಗೆ ಬೇಕಾದ ಗಡಿಯಾರ ನಂಬಿಕೊಂಡು ಕೂತ್ಕೋತಾರೆ.”

ಇಂದು ಅಂತರರಾಷ್ಟ್ರೀಯ ಶಿಕ್ಷಣ ಸಮ್ಮೇಳನದ ಮೂರನೆಯ ಹಾಗೂ ಕೊನೆಯ ದಿನ. ಮೂವತ್ತೊಂದು ದೇಶಗಳಿಂದ ಜನ ಬಂದಿದ್ದಾರೆ. ಹನ್ನೆರಡು ಮಂದಿ ವಿಶೇಷ ಭಾಷಣಕಾರರು. ಭವನದ ಬಾಗಿಲಲ್ಲಿ ಆ ಹನ್ನೆರಡೂ ಜನರ ಚಿತ್ರಗಳನ್ನು ಆಳೆತ್ತರಕ್ಕೆ ನಿಲ್ಲಿಸಿದ್ದಾರೆ, ಕೆಳಗೆ ಪದವಿಗಳ ಸಾಲು. ಈ ಹೆಂಗಸಿನ ಚಿತ್ರ ಎಲ್ಲಿಯೂ ಇಲ್ಲ. ಆದರೆ ಆ ಹನ್ನೆರಡು ಮಂದಿಯಲ್ಲಿ ಯಾರೊಬ್ಬರೂ ಇವರನ್ನು ಮೀರಿ ಒಂದು ನಿಮಿಷ ಹೆಚ್ಚು ಮಾತನಾಡುವಂತಿಲ್ಲ. ಮುಂದಿನ ಸಾಲಿನ ಎಡತುದಿಯ ಕುರ್ಚಿಯಲ್ಲಿ ಕುಳಿತು, ಭಾಷಣಕಾರರಿಗೆ ಹೊತ್ತು ಎಷ್ಟಾಯಿತೆಂದು ತೋರಿಸುವುದು ಇವರ ಕೆಲಸ. ಇಪ್ಪತ್ತೆಂಟು ವರ್ಷಗಳಿಂದ ಮಾಡುತ್ತಿದ್ದಾರೆ. ಸಂಚಾಲಕರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಇವರು ಗಂಟೆಯಕ್ಕ.

ನಾನು ಈ ಸಮ್ಮೇಳನದ ವರದಿಗೆ ಬರಲು ಶುರುಮಾಡಿ ಇಪ್ಪತ್ತು ವರ್ಷ ದಾಟಿತು. ಅಷ್ಟೂ ವರ್ಷ ನನ್ನ ಕುರ್ಚಿ ಇವರಿಂದ ನಾಲ್ಕು ಕುರ್ಚಿ ಆಚೆಗೆ. ಒಮ್ಮೆಯೂ ಮುಖ ಕೊಟ್ಟು ಮಾತನಾಡಿಸಿದವನಲ್ಲ. ನಾವು ಪತ್ರಕರ್ತರು ಮೈಕಿನ ಹಿಂದೆ ನಿಂತವರನ್ನು ಬಿಟ್ಟು ಬೇರೆಯವರನ್ನು ನೋಡುವುದೇ ಅಪರೂಪ. ಈ ಸಲ ಮೂರು ದಿನವೂ ಇವರ ಬೆನ್ನು ಹಿಡಿಯುತ್ತೇನೆಂದು ಹೇಳಿದಾಗ ಅವರಿಗೆ ನಗು ಬಂತು. ಬರೆಯುವಂಥದ್ದು ಏನಿದೆ, ಕೂತು ಚೀಟಿ ತೋರಿಸುತ್ತೇನೆ ಅಷ್ಟೆ ಎಂದರು.

ಗಂಟೆಯಕ್ಕನ ಅಪ್ಪ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಜವಾನರಾಗಿದ್ದವರು. ಶಾಲೆಯ ಜಗಲಿಯ ತೊಲೆಗೆ ದಪ್ಪ ಹಿತ್ತಾಳೆಯ ತಟ್ಟೆಯೊಂದನ್ನು ತೂಗುಹಾಕಿದ್ದರು, ಪಕ್ಕದ ಗೂಡಿನಲ್ಲಿ ಮರದ ಸುತ್ತಿಗೆ. ಅಪ್ಪ ಗಂಟೆ ಹೊಡೆಯುವುದನ್ನು ನೋಡುತ್ತಲೇ ಮಗಳು ಬೆಳೆದಳು. ಏಳನೇ ತರಗತಿಗೆ ಓದು ನಿಂತಿತು. ಅಪ್ಪನ ಮೊಣಕಾಲು ಕೈಕೊಟ್ಟ ಮೇಲೆ, ಇಪ್ಪತ್ತೆರಡನೇ ವಯಸ್ಸಿನಲ್ಲಿ ಆ ಸುತ್ತಿಗೆ ಮಗಳ ಕೈಗೆ ಬಂತು. ಮೂವತ್ತಾರು ವರ್ಷ ಆ ಶಾಲೆಯ ಹೊತ್ತು ಹುಟ್ಟಿದ್ದು, ಮುಳುಗಿದ್ದು ಅವರ ಕೈಯಿಂದಲೇ.

ಆ ದಿನಗಳ ಮಾತು ಬಂದರೆ ಗಂಟೆಯಕ್ಕನ ದನಿ ಮೆತ್ತಗಾಗುತ್ತದೆ. ಬೆಳಗಿನ ಮೊದಲ ಗಂಟೆ ಉದ್ದಕ್ಕೆ, ಎರಡನೆಯದು ಗಿಡ್ಡಕ್ಕೆ. ಆಟದ ಪೀರಿಯಡ್ ಮುಗಿಯುವ ಗಂಟೆಯನ್ನು ಮಾತ್ರ ಅಪ್ಪನೂ ಎರಡು ನಿಮಿಷ ತಡವಾಗಿ ಹೊಡೆಯುತ್ತಿದ್ದರಂತೆ, ಮಗಳೂ ಅದನ್ನೇ ಮುಂದುವರಿಸಿದರು. ಗಣಿತದ ಮೇಷ್ಟ್ರು ದೂರು ಕೊಟ್ಟರು. ಮುಖ್ಯೋಪಾಧ್ಯಾಯಿನಿ ಕರೆದು ವಿಚಾರಿಸಿದರೆ, ಸುತ್ತಿಗೆ ಹುಡುಕುವುದರಲ್ಲಿ ತಡವಾಯಿತು ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದರು. ದೂರದಿಂದ ಬರುವ ಮಗು ಏದುಸಿರು ಬಿಡುತ್ತಾ ಗೇಟು ದಾಟಿದರೆ, ಆ ಮಗು ಕಂಬದ ಹಿಂದೆ ನಿಂತು ಉಸಿರು ತೆಗೆದುಕೊಳ್ಳುವ ತನಕ ಎರಡನೇ ಗಂಟೆಯ ಸುತ್ತಿಗೆ ಮೇಲೇಳುತ್ತಿರಲಿಲ್ಲ. ಇದೂ ಅಪ್ಪನಿಂದ ಬಂದದ್ದೇ. ವರ್ಷದ ಕಡೆಯ ದಿನ ರಜೆಗೆ ಬಿಡುವ ಉದ್ದನೆಯ ಗಂಟೆ ಹೊಡೆದಾಗ ಆರುನೂರು ಹುಡುಗಿಯರು ಒಟ್ಟಿಗೆ ಹೋ ಎನ್ನುತ್ತಿದ್ದರಲ್ಲ, ಆ ಸದ್ದು ಈಗಲೂ ಮಧ್ಯಾಹ್ನದ ಹೊತ್ತು ಒಮ್ಮೊಮ್ಮೆ ಕಿವಿಯಲ್ಲಿ ಬರುತ್ತದೆ ಎನ್ನುತ್ತಾರೆ.

ಸಮ್ಮೇಳನ ಅವರನ್ನು ಹುಡುಕಿಕೊಂಡು ಬಂದದ್ದು ಅದೇ ಶಾಲೆಗೆ. ಮೊದಲ ವರ್ಷ ಸಂಘಟಕರಿಗೆ ಭವನವಿರಲಿಲ್ಲ, ಶಾಲೆಯ ಸಭಾಂಗಣವನ್ನು ಮೂರು ದಿನಕ್ಕೆ ಬೇಡಿ ಪಡೆದರು. ಸಭಾಂಗಣದ ಜೊತೆಗೆ ಬೆಂಚು, ಬೆಂಚಿನ ಜೊತೆಗೆ ಗಂಟೆ, ಗಂಟೆಯ ಜೊತೆಗೆ ಅದನ್ನು ಹೊಡೆಯುವವರು. ಆಗ ಎಲ್ಲವೂ ಕೈಕೆಲಸ. ಭಾಷಣಕಾರರ ಹೆಸರನ್ನು ಪೇಂಟರು ಬಟ್ಟೆಯ ಮೇಲೆ ಬರೆಯುತ್ತಿದ್ದ. ಹೊರದೇಶದವರ ಭಾಷಣದ ಪ್ರತಿ ಒಂದು ತಿಂಗಳು ಮೊದಲೇ ಟಪಾಲಿನಲ್ಲಿ ಬರುತ್ತಿತ್ತು, ತೆಳ್ಳನೆಯ ನೀಲಿ ಕಾಗದದಲ್ಲಿ. ಗೋಡೆಗೆ ಬೆಳಕು ಬಿಡುವ ಒಂದು ಯಂತ್ರವಿತ್ತು, ಅದರ ಮೇಲೆ ಪಾರದರ್ಶಕ ಹಾಳೆ ಇಟ್ಟು ಬೆರಳು ತೋರಿಸಿದರೆ ಗೋಡೆಯ ಮೇಲೆ ಬಾಳೆಗೊನೆಯ ಗಾತ್ರದ ಬೆರಳು ಮೂಡುತ್ತಿತ್ತು. ನನಗೂ ಅದರ ಕಾದ ಧೂಳಿನ ವಾಸನೆ ಚೆನ್ನಾಗಿ ನೆನಪಿದೆ. ಈಗಿನ ತೆರೆಗಳಲ್ಲಿ ಎಲ್ಲವೂ ಇದೆ, ಆ ವಾಸನೆಯಿಲ್ಲ.

ಮೊದಲ ವರ್ಷ ಹೊತ್ತು ಮುಗಿದಾಗ ಗಂಟೆಯಕ್ಕ ಹಿತ್ತಾಳೆಯ ತಟ್ಟೆಗೇ ಹೊಡೆದರು. ವಿದೇಶದ ಪ್ರೊಫೆಸರೊಬ್ಬರು ಬೆಚ್ಚಿ ನೀರಿನ ಲೋಟ ಕೆಡವಿದರು. ಮರುವರ್ಷದಿಂದ ಚೀಟಿ ಬಂತು. ಹಳೆಯ ಹಾಜರಿ ಪುಸ್ತಕದ ರಟ್ಟು ಕತ್ತರಿಸಿ, ಬಣ್ಣದ ಕಾಗದ ಅಂಟಿಸಿ ಅವರೇ ಮಾಡಿಕೊಂಡದ್ದು. ಹಸಿರು ತೋರಿಸಿದರೆ ಇನ್ನು ಐದು ನಿಮಿಷ, ಹಳದಿಗೆ ಎರಡು, ಕೆಂಪು ಬಂತೆಂದರೆ ಮುಗಿಯಿತು. ಕಾಗದ ಮಾಸಿದಾಗ ಮೇಲೆ ಹೊಸದು ಅಂಟಿಸುತ್ತಾ ಬಂದು ಈಗ ಒಂದೊಂದು ಚೀಟಿಯೂ ಹಲಗೆಯಷ್ಟು ದಪ್ಪವಾಗಿದೆ.

ಭಾಷಣಕಾರರ ಜಾತಕ ಅವರಿಗೆ ಬಾಯಿಪಾಠ. ‘ಎರಡೇ ಮಾತು’ ಎಂದು ಶುರುಮಾಡುವವರನ್ನು ಕಂಡರೆ ಅವರು ಕುರ್ಚಿಯಲ್ಲಿ ನೆಟ್ಟಗಾಗುತ್ತಾರೆ. ‘ಕೊನೆಯದಾಗಿ’ ಎಂದವರು ಇನ್ನೂ ಏಳು ನಿಮಿಷ ಎಳೆಯುವುದು ಖಾತ್ರಿ. ‘ಕಟ್ಟಕಡೆಯದಾಗಿ’ ಎಂದರೆ ಅದಕ್ಕಿಂತ ಹೆಚ್ಚು. ಕೆಲವರು ಚೀಟಿ ಕಂಡೂ ಕಾಣದವರ ಹಾಗೆ ಬಲಗಡೆಯ ಜನರಿಗೇ ಮಾತನಾಡತೊಡಗುತ್ತಾರೆ. ಮಕ್ಕಳ ಸಮಯಪಾಲನೆ ಎಂಬ ವಿಷಯದ ಮೇಲೆಯೇ ಒಬ್ಬರು ಹದಿನೈದು ನಿಮಿಷ ಹೆಚ್ಚು ತೆಗೆದುಕೊಂಡದ್ದೂ ಉಂಟು. ಇಂಥವರಿಗೆ ಗಂಟೆಯಕ್ಕನ ಬಳಿ ಕಡೆಯ ಮದ್ದೊಂದಿದೆ. ಸದ್ದಿಲ್ಲದೆ ಎದ್ದು, ಲೋಟದ ತುಂಬ ನೀರು ತುಂಬಿ, ವೇದಿಕೆ ಹತ್ತಿ ಮೈಕಿನ ಪಕ್ಕ ಇಟ್ಟು, ಅಲ್ಲೇ ಕೈಕಟ್ಟಿ ನಿಲ್ಲುತ್ತಾರೆ. ಮಹಾ ಮಹಾ ಪಂಡಿತರೂ ಅಲ್ಲಿಗೆ ಬಾಯಿ ಮುಚ್ಚಿದ್ದಾರೆ. ‘ನೀರು ಕುಡಿಸಿದರು’ ಎಂಬ ಮಾತು ಈ ಭವನದಲ್ಲಿ ಹುಟ್ಟಿದ್ದು ಹೀಗೆ.

ದಿನಕ್ಕೆ ಹನ್ನೊಂದು ಗಂಟೆ ಕೂತ ಕಡೆಯೇ ಕೂತಿರುತ್ತಾರೆ. ಚಹಾ ಕುಡಿಯಲು ಏಳು ನಿಮಿಷ, ಊಟಕ್ಕೆ ಇಪ್ಪತ್ತು. ಸೊಂಟ ಹಿಡಿದುಕೊಂಡರೆ ಕುರ್ಚಿಗೆ ಒರಗಿಸಿದ ಮಡಿಸಿದ ಟವೆಲ್ಲೇ ಗತಿ. ಈ ತನಕ ಏನಿಲ್ಲವೆಂದರೂ ಒಂದು ಸಾವಿರ ಭಾಷಣಗಳ ಮುಂದೆ ಕುಳಿತಿದ್ದಾರೆ. ನಾನು ಅದನ್ನೇ ಹಿಡಿದು, ಶಿಕ್ಷಣದ ಬಗ್ಗೆ ಇಷ್ಟು ಕೇಳಿದವರು ಭೂಮಿಯ ಮೇಲೆ ಇನ್ನೊಬ್ಬರಿರಲಿಕ್ಕಿಲ್ಲ ಎಂದು ಹೊಗಳಲು ಹೋದೆ. ಗಂಟೆಯಕ್ಕ ತಲೆಯನ್ನು ಅಡ್ಡಡ್ಡ ಆಡಿಸಿದರು.

“ನಾನು ಏನೂ ಕೇಳಿಸ್ಕೊಂಡಿಲ್ಲ. ಹತ್ತೊಂಬತ್ತು ವರ್ಷದಿಂದ ಒಂದು ಭಾಷಣಾನೂ ಕೇಳಿಲ್ಲ,” ಎಂದರು. “ತುಟಿ ನೋಡ್ತೀನಿ, ಗಡಿಯಾರ ನೋಡ್ತೀನಿ. ಕಿವಿಗೆ ಬಾಗಿಲು ಹಾಕ್ಕೊಂಡು ಕೂತಿರ್ತೀನಿ. ಒಂದೇ ಒಂದು ಸಲ ಕೇಳಿಸ್ಕೊಂಡೆ. ಅದಕ್ಕೆ ಒಬ್ಬರು ಬಲಿಯಾದ್ರು.”

ಆ ಕಥೆ ಹೇಳಲು ಅವರಿಗೆ ಎರಡು ದಿನ ಬೇಕಾಯಿತು. ಮೊದಲ ದಿನ ಅರ್ಧ ಹೇಳಿ ಎದ್ದು ಹೋದರು. ಉಳಿದರ್ಧವನ್ನು ಎರಡನೇ ದಿನ ಸಂಜೆ, ಎಲ್ಲರೂ ಹೋದ ಮೇಲೆ, ಖಾಲಿ ಸಭಾಂಗಣದಲ್ಲಿ ಹೇಳಿದರು. ಹತ್ತೊಂಬತ್ತು ವರ್ಷದ ಹಿಂದಿನ ಸಮ್ಮೇಳನ. ಕೊನೆಯ ದಿನದ ಕೊನೆಯ ಗೋಷ್ಠಿ. ಐದು ಗಂಟೆಗೆ ಸರಿಯಾಗಿ ಮುಗಿಯಲೇಬೇಕು, ಹೊರದೇಶದವರನ್ನು ವಿಮಾನಕ್ಕೆ ಕರೆದೊಯ್ಯುವ ಬಸ್ಸು ಬಾಗಿಲಲ್ಲಿ ನಿಂತಿದೆ. ಉಳಿದಿದ್ದವರು ಇಬ್ಬರೇ, ಇಬ್ಬರಿಗೂ ಇಪ್ಪತ್ತಿಪ್ಪತ್ತು ನಿಮಿಷ. ಮೊದಲನೆಯವರು ಎಂಬತ್ತು ದಾಟಿದ ಹಿರಿಯ ವಿದ್ವಾಂಸರು, ಈಗ ಅವರಿಲ್ಲ. ಎರಡನೆಯವರು ಎಲ್ಲೋ ದೂರದ ಒಂದೇ ಕೋಣೆಯ ಶಾಲೆಯಿಂದ ಬಂದ ಟೀಚರ್, ಇಪ್ಪತ್ತಾರು ವರ್ಷದವರು.

ಹಿರಿಯರು ಬರೆದುಕೊಂಡು ಬಂದದ್ದನ್ನು ಬದಿಗಿಟ್ಟು ತಮ್ಮ ಬಾಲ್ಯದ ಶಾಲೆಯ ಬಗ್ಗೆ ಮಾತನಾಡತೊಡಗಿದರು. ಆ ಶಾಲೆಯಲ್ಲೊಬ್ಬ ಜವಾನ. ತಡವಾಗಿ ಓಡಿಬರುವ ಹುಡುಗನನ್ನು ಕಂಬದ ಹಿಂದೆ ನಿಲ್ಲಿಸಿ, ಅವನು ಉಸಿರು ತೆಗೆದುಕೊಂಡ ಮೇಲೆಯೇ ಗಂಟೆ ಹೊಡೆಯುತ್ತಿದ್ದನಂತೆ. ಗಂಟೆಯಕ್ಕನಿಗೆ ಅಪ್ಪನೇ ಎದ್ದು ಬಂದು ಎದುರಿಗೆ ನಿಂತ ಹಾಗಾಯಿತು. ಹಸಿರು ಚೀಟಿ ತೊಡೆಯ ಮೇಲೆಯೇ ಉಳಿಯಿತು. ಹಳದಿಯೂ ಏಳಲಿಲ್ಲ. ಕಣ್ಣು ಒರೆಸಿಕೊಂಡು ಗಡಿಯಾರ ನೋಡಿದಾಗ ಮೂವತ್ತೇಳು ನಿಮಿಷವಾಗಿತ್ತು. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿತ್ತು.

ಟೀಚರಿಗೆ ಉಳಿದದ್ದು ಮೂರೇ ನಿಮಿಷ. ಜನ ಆಗಲೇ ಚೀಲ ಎತ್ತಿಕೊಳ್ಳುತ್ತಿದ್ದರು. ಆಕೆ ಓದತೊಡಗಿದರು. ತಮ್ಮ ಶಾಲೆಗೆ ಏಳು ವರ್ಷದ ಹುಡುಗಿಯೊಬ್ಬಳು ಬಂದಳು, ಮಾತೇ ಆಡುತ್ತಿರಲಿಲ್ಲ. ಕಿವಿ, ಗಂಟಲು ಎಲ್ಲ ಸರಿಯಾಗಿದೆ ಎಂದರು ಡಾಕ್ಟರು. ಟೀಚರ್ ದಿನಾ ಬೆಳಿಗ್ಗೆ ಆ ಮಗುವಿಗೆ ಒಂದೇ ಪ್ರಶ್ನೆ ಹಾಕುತ್ತಿದ್ದರು, ಇವತ್ತು ದಾರಿಯಲ್ಲಿ ಏನು ನೋಡಿದೆ ಎಂದು. ಆಮೇಲೆ ಒಂದು ನಿಮಿಷ ಕಾಯುತ್ತಿದ್ದರು. ಇಡೀ ತರಗತಿ ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಏಳು ತಿಂಗಳು ಹೀಗೇ ನಡೆಯಿತು. “ಒಂದು ದಿನ...” ಎಂದು ಆಕೆ ಹಾಳೆ ತಿರುವಿದರು. ಅಷ್ಟರಲ್ಲಿ ಐದು ಗಂಟೆ. ಗಂಟೆಯಕ್ಕ ಕೆಂಪು ಚೀಟಿ ಎತ್ತಿದರು.

“ಪಾಪ, ಆ ಟೀಚರ್ ಹುಡುಗಿ ಒಂದಕ್ಷರ ಹೆಚ್ಚಿಗೆ ಆಡ್ಲಿಲ್ಲ. ಹಾಳೆ ಮಡಚಿ, ಕೈ ಮುಗಿದು ಇಳಿದು ಹೋದ್ಲು. ಆ ‘ಒಂದು ದಿನ’ ಅಂದಿದ್ದು ಮಾತ್ರ ಇಲ್ಲೇ ಕೂತ್ಕೊಂಡಿದೆ,” ಎಂದು ಗಂಟೆಯಕ್ಕ ಕಿವಿಯನ್ನು ಮುಟ್ಟಿ ತೋರಿಸುತ್ತಾರೆ. “ಮಗು ಮಾತಾಡ್ತೋ ಇಲ್ವೋ, ನನಗೆ ಇವತ್ತಿಗೂ ಗೊತ್ತಿಲ್ಲ.”

ಟೀಚರ್ ಅದೇ ಸಂಜೆಯ ಬಸ್ಸಿಗೆ ಹೊರಟುಹೋದರು. ಸಮ್ಮೇಳನದ ಪುಸ್ತಕದಲ್ಲಿ ದೊಡ್ಡವರ ಭಾಷಣಗಳಷ್ಟೇ ಅಚ್ಚಾದವು. ಗಂಟೆಯಕ್ಕ ವಿಳಾಸ ಹುಡುಕಲು ಹೋದರೆ ಆಫೀಸಿನ ಹಳೆಯ ಕಾಗದಗಳೆಲ್ಲ ರದ್ದಿಗೆ ಹೋಗಿದ್ದವು. ಸಿಕ್ಕಿದ್ದರೂ ಏನೆಂದು ಬರೆಯುವುದು? ಮನೆಯಲ್ಲಿ ಈ ವಿಷಯ ಬಂದೇ ಬರುತ್ತದಂತೆ. ಗಂಟೆಯಕ್ಕನ ಯಜಮಾನರು ದರ್ಜಿ, ಹೊಲಿಗೆ ಯಂತ್ರದ ಮುಂದೆ ಕುಳಿತೇ ವಾದಿಸುವವರು. ಮಗು ಖಂಡಿತ ಮಾತಾಡಿರುತ್ತೆ, ಇಲ್ಲದಿದ್ದರೆ ಆಕೆ ಹೇಳಲು ಅಷ್ಟು ದೂರ ಯಾಕೆ ಬರುತ್ತಿದ್ದಳು ಎಂಬುದು ಅವರ ವಾದ. ಸೋತ ಕಥೆಯನ್ನೂ ಹೇಳಲು ಜನ ದೂರದಿಂದ ಬರುತ್ತಾರೆ ಎಂಬುದು ಹೆಂಡತಿಯ ಉತ್ತರ. ಹೊಟ್ಟೆಯಲ್ಲಿ ಹುಟ್ಟಿದ ಮಗಳ ಬಗ್ಗೆ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ನೋಡದ ಆ ಮಗುವಿನ ಬಗ್ಗೆ ಆಡಿದ್ದೇವೆ ಎಂದು ದರ್ಜಿ ನನ್ನ ಮುಂದೆ ಒಪ್ಪಿಕೊಂಡರು.

ಅವತ್ತು ರಾತ್ರಿ ಮನೆಗೆ ಬಂದವನೇ ನನ್ನ ಹಳೆಯ ಕಡತ ತೆಗೆದೆ. ಹತ್ತೊಂಬತ್ತು ವರ್ಷದ ಹಿಂದಿನ ಆ ಗೋಷ್ಠಿಯ ವರದಿ ನನ್ನದೇ. ‘ಹಿರಿಯರ ಮಾತಿಗೆ ಸಭೆ ಮಂತ್ರಮುಗ್ಧ’ ಎಂಬ ತಲೆಬರಹ. ಎರಡು ಕಾಲಂ ತುಂಬ ಅವರೇ. ಕಡೆಯ ಸಾಲು ಹೀಗಿದೆ: ‘ಇತರರೂ ಮಾತನಾಡಿದರು.’ ನಾನು ಓದಿ ನಾಚಿಕೊಂಡೆ. ಆ ಮೂರು ನಿಮಿಷ ನಾನು ಎಲ್ಲಿದ್ದೆನೋ ನೆನಪಿಲ್ಲ. ಬಹುಶಃ ಚಹಾದ ಸಾಲಿನಲ್ಲಿದ್ದೆ.

ಈ ವರ್ಷದ ಪಟ್ಟಿ ಬಂದಾಗ ಗಂಟೆಯಕ್ಕ ಅದನ್ನು ಎರಡೆರಡು ಸಲ ಓದಿದರು. ವಿಶೇಷ ಭಾಷಣಕಾರರು ಹನ್ನೆರಡು, ಹತ್ತನೆಯವರು ಅದೇ ಟೀಚರ್. ಈಗ ನಲವತ್ತೈದು ವರ್ಷ. ಹಳ್ಳಿಗಾಡಿನ ಶಿಕ್ಷಕರಿಗೆ ತರಬೇತಿ ಕೊಡುವ ದೊಡ್ಡ ಸಂಸ್ಥೆ ನಡೆಸುತ್ತಿದ್ದಾರೆ. ಮೂರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಭಾಷಣ. ಆ ಕಥೆಯನ್ನೇ ಹೇಳುತ್ತಾರೋ, ಬೇರೆ ಏನಾದರೂ ಹೇಳುತ್ತಾರೋ? ಮೊದಲೇ ಹೋಗಿ ಕೇಳಬಹುದಲ್ಲ ಎಂದೆ. ಭಾಷಣಕ್ಕೆ ಮೊದಲು ಯಾರ ತಲೆಯೊಳಗೂ ಏನನ್ನೂ ಹಾಕಬಾರದು, ಅವರಿಗೆ ತಮ್ಮ ಮಾತಿನ ಚಿಂತೆಯೇ ಸಾಕಷ್ಟಿರುತ್ತದೆ ಎಂದು ಗಂಟೆಯಕ್ಕ ತಲೆಯಾಡಿಸಿದರು. ಅದು ಅವರ ನಿಯಮ. ಒಳಗೊಳಗೆ ಹೆದರಿಕೆಯೂ ಇತ್ತೆಂದು ನನಗನ್ನಿಸುತ್ತದೆ.

ಹೀಗಾಗಿ ಇಂದು ಬೆಳಿಗ್ಗೆ ಒಂಬತ್ತೂ ಗಡಿಯಾರಗಳ ಕೆಲಸ ಮುಗಿದ ಮೇಲೆ ಅವರು ನೇರವಾಗಿ ಸಂಚಾಲಕರ ಕೋಣೆಗೆ ಹೋಗುತ್ತಾರೆ. ನಾನೂ ಹಿಂದೆಯೇ. ಹನ್ನೊಂದರಿಂದ ಹನ್ನೊಂದೂ ಇಪ್ಪತ್ತರವರೆಗೆ ರಜೆ ಬೇಕು ಎಂದು ಕೇಳುತ್ತಾರೆ. ಇಪ್ಪತ್ತೆಂಟು ವರ್ಷದಲ್ಲಿ ಕೇಳಿದ ಮೊದಲ ರಜೆ. ಮೈಗೆ ಹುಷಾರಿಲ್ಲವೇ ಎಂದು ಸಂಚಾಲಕರು ಗಾಬರಿಯಾಗುತ್ತಾರೆ. ಹುಷಾರಾಗಿಯೇ ಇದ್ದೇನೆ, ಹಿಂದಿನ ಸಾಲಿನಲ್ಲಿ ಕುಳಿತು ಒಂದು ಭಾಷಣ ಕೇಳಬೇಕು, ಅಷ್ಟೆ ಎಂದು ಇವರು ಹೇಳುತ್ತಾರೆ. ಚೀಟಿ ಹಿಡಿಯುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗುತ್ತಾರೆ.

ನಾನು ಬೇಡವೆನ್ನುವಷ್ಟರಲ್ಲಿ ಮೂರು ದಪ್ಪ ರಟ್ಟುಗಳು ನನ್ನ ಕೈಯಲ್ಲಿವೆ. ಎದೆಯ ಎತ್ತರಕ್ಕೆ ಹಿಡಿಯಬೇಕು, ಅಲ್ಲಾಡಿಸಬಾರದು, ಭಾಷಣಕಾರರ ಕಣ್ಣು ತಾಗುವ ತನಕ ಇಳಿಸಬಾರದು. ಇಷ್ಟು ಹೇಳಿಕೊಟ್ಟು ಅವರು ನನ್ನ ಮುಖ ನೋಡುತ್ತಾರೆ. “ಕೇಳಿಸ್ಕೋಬೇಡಿ. ಎಷ್ಟು ಚೆನ್ನಾಗಿದ್ರೂ ಕೇಳಿಸ್ಕೋಬೇಡಿ.”

ಹನ್ನೊಂದಕ್ಕೆ ಸರಿಯಾಗಿ ಟೀಚರ್ ವೇದಿಕೆ ಹತ್ತುತ್ತಾರೆ. ನೆರೆತ ಕೂದಲನ್ನು ಹಿಂದಕ್ಕೆ ಎಳೆದು ಕಟ್ಟಿದ, ಕಿರಿದಾದ ಮುಖದ ಹೆಂಗಸು. ಕೈಯಲ್ಲಿ ಹಾಳೆಗಳಿಲ್ಲ. ಅದಾದ ಮೇಲಿನ ಇಪ್ಪತ್ತು ನಿಮಿಷದ ಬಗ್ಗೆ ನಾನು ಓದುಗರ ಕ್ಷಮೆ ಕೇಳಬೇಕು. ವರದಿಗಾರನಾಗಿ ನಾನು ಕೊಡಬಲ್ಲ ಮಾಹಿತಿ ಇಷ್ಟೇ: ಹದಿನೈದನೇ ನಿಮಿಷಕ್ಕೆ ಹಸಿರು ಎತ್ತಿದೆ, ಹದಿನೆಂಟಕ್ಕೆ ಹಳದಿ. ಹತ್ತೊಂಬತ್ತೂವರೆಗೆ ಆಕೆ ತಾವಾಗಿಯೇ ಮುಗಿಸಿ ಕೈ ಮುಗಿದರು. ಒಂದು ಪದವೂ ನನ್ನ ತಲೆಗೆ ಹೋಗಲಿಲ್ಲ. ಗಂಟೆಯಕ್ಕ ಹತ್ತೊಂಬತ್ತು ವರ್ಷ ಹೇಗೆ ಕುಳಿತಿದ್ದರು ಎಂಬುದು ಆಗ ಅರ್ಥವಾಯಿತು.

ಚಪ್ಪಾಳೆ ಇನ್ನೂ ನಿಂತಿಲ್ಲ, ಗಂಟೆಯಕ್ಕ ಹಿಂದಿನ ಸಾಲಿನಿಂದ ಬಂದು ನನ್ನ ಪಕ್ಕ ನಿಲ್ಲುತ್ತಾರೆ. ಭಾಷಣ ತುಂಬ ಚೆನ್ನಾಗಿತ್ತು ಎನ್ನುತ್ತಾರೆ. ಸೋರುವ ಸೂರುಗಳ ಬಗ್ಗೆ, ಒಬ್ಬರೇ ಟೀಚರಿರುವ ಶಾಲೆಗಳ ಬಗ್ಗೆ ಹೇಳಿದರಂತೆ. ಆ ಮಗುವಿನ ಸುದ್ದಿ ಬರಲಿಲ್ಲ. “ಹೇಳ್ಲಿಲ್ಲ,” ಎಂದು ಇನ್ನೊಮ್ಮೆ ಅನ್ನುತ್ತಾರೆ. ಅವರ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಮುಂದಿನ ಗೋಷ್ಠಿಗೆ ಐದು ನಿಮಿಷವಿದೆ. ನೀರಿನ ಲೋಟ ಕೊಂಡೊಯ್ಯುವವರ ಹಾಗೆ ಸದ್ದಿಲ್ಲದೆ ನಡೆದು ಗಂಟೆಯಕ್ಕ ವೇದಿಕೆಯ ಮೆಟ್ಟಿಲ ಬಳಿ ಹೋಗುತ್ತಾರೆ. ಅಲ್ಲಿ ಟೀಚರನ್ನು ಐದಾರು ಜನ ಮುತ್ತಿಕೊಂಡು ಫೋಟೊ ತೆಗೆಯುತ್ತಿದ್ದಾರೆ. ಜನ ಕರಗುವ ತನಕ ಇವರು ಕಂಬದ ಪಕ್ಕ ಕಾಯುತ್ತಾರೆ. ಆಮೇಲೆ ಎದುರಿಗೆ ಹೋಗಿ ನಿಂತು, ಹತ್ತೊಂಬತ್ತು ವರ್ಷದ ಹಿಂದೆ ಇದೇ ಸಮ್ಮೇಳನದಲ್ಲಿ ನಿಮ್ಮ ಮಾತನ್ನು ಅರ್ಧಕ್ಕೇ ನಿಲ್ಲಿಸಿದವಳು ನಾನು ಎಂದು ಹೇಳಿಬಿಡುತ್ತಾರೆ.

“ಆ ಕೆಂಪು ಚೀಟಿ ನೀವಾ?”

“ನಾನೇ ಅಮ್ಮ. ಆ ಹಿರಿಯರಿಗೆ ತೋರಿಸ್ಬೇಕಾಗಿದ್ದನ್ನ ನಿಮಗೆ ತೋರಿಸ್ಬಿಟ್ಟೆ. ಅವರ ಮಾತು ಕೇಳ್ತಾ ಮೈಮರೆತೆ. ತಪ್ಪು ನಂದು, ದಂಡ ನೀವು ಕಟ್ಟಿದ್ರಿ.”

ಟೀಚರ್ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಕೊಳ್ಳುತ್ತಾರೆ. ಪರವಾಗಿಲ್ಲ ಬಿಡಿ ಎಂದು ಹಗುರವಾಗಿ ತೇಲಿಸಿಬಿಡುತ್ತಾರೆ ಎಂದುಕೊಂಡಿದ್ದೆ, ಹಾಗೆ ಮಾಡಲಿಲ್ಲ. ಅವತ್ತು ಬಸ್ಸಿನಲ್ಲಿ ಕುಳಿತು ಆ ಹಾಳೆಗಳನ್ನು ಹರಿದು ಹಾಕಿದ್ದನ್ನು ನಿಧಾನವಾಗಿ ಹೇಳುತ್ತಾರೆ. ಸಣ್ಣ ಶಾಲೆಯವಳೆಂದು ಬೇಕೆಂದೇ ಮೂರು ನಿಮಿಷ ಕೊಟ್ಟರು ಎಂದುಕೊಂಡರಂತೆ. ನಾಲ್ಕು ವರ್ಷ ಯಾವ ವೇದಿಕೆಯನ್ನೂ ಹತ್ತಲಿಲ್ಲ. ಆ ಕಥೆಯನ್ನು ಮತ್ತೆ ಎಲ್ಲಿಯೂ ಹೇಳಲೇ ಇಲ್ಲ. ಗಂಟೆಯಕ್ಕ ತಲೆತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ, ಒಂದು ನೆಪವನ್ನೂ ಹೇಳುವುದಿಲ್ಲ.

ಆಮೇಲೆ ತಲೆಯೆತ್ತುತ್ತಾರೆ. “ಬೈಯಿರಿ, ಅದಕ್ಕೇ ಬಂದಿದ್ದೀನಿ. ಆದ್ರೆ ಒಂದು ವಿಷಯ ಹೇಳ್ಬಿಡಿ. ಆ ಮಗು ಮಾತಾಡ್ತಾ?”

ಟೀಚರ ಮುಖ ಬದಲಾದದ್ದನ್ನು ನಾನು ನೋಡಿದೆ. ಆ ಮಗು ನಿಮಗೆ ಇನ್ನೂ ನೆನಪಿದೆಯೇ ಎಂದು ಮೆಲ್ಲಗೆ ಕೇಳುತ್ತಾರೆ. ಅಷ್ಟರಲ್ಲಿ ಮುಖ್ಯ ಗಡಿಯಾರ ಹನ್ನೊಂದೂ ಇಪ್ಪತ್ತೈದು ತೋರಿಸುತ್ತಿದೆ. ಹನ್ನೊಂದನೇ ಭಾಷಣಕಾರರು ಮೈಕಿನ ಮುಂದೆ ಟೈ ಸರಿಮಾಡಿಕೊಳ್ಳುತ್ತಿದ್ದಾರೆ. ಸಂಚಾಲಕರು ವೇದಿಕೆಯ ಮೇಲಿಂದ ಗಂಟೆಯಕ್ಕನ ಖಾಲಿ ಕುರ್ಚಿಯ ಕಡೆ ಕೈ ತೋರಿಸಿ ಕರೆಯುತ್ತಿದ್ದಾರೆ. ನಿಮ್ಮನ್ನು ಕರೆಯುತ್ತಿದ್ದಾರೆ, ಊಟದ ಹೊತ್ತಿಗೆ ಸಿಗೋಣ ಎಂದು ಟೀಚರ್ ಏಳಲು ಹೋಗುತ್ತಾರೆ.

ಗಂಟೆಯಕ್ಕ ಸಂಚಾಲಕರ ಕಡೆ ತಿರುಗುತ್ತಾರೆ. ಸಾವಿರ ಭಾಷಣಗಳನ್ನು ನಿಲ್ಲಿಸಿದ ಕೈಯನ್ನು ಎತ್ತಿ, ಸ್ವಲ್ಪ ಇರಿ ಎಂದು ಅಂಗೈ ತೋರಿಸುತ್ತಾರೆ. ಆಮೇಲೆ ಮೆಟ್ಟಿಲ ಮೇಲೆ ಟೀಚರ ಪಕ್ಕದಲ್ಲಿ ಕುಳಿತುಬಿಡುತ್ತಾರೆ. “ಅವಸರ ಇಲ್ಲ. ನೀವು ಹೇಳಿ.”

ಟೀಚರ್ ಹೇಳುತ್ತಾರೆ. ಒಂದು ದಿನ ಶಾಲೆಗೆ ಮೇಲಧಿಕಾರಿಗಳು ಬರುವವರಿದ್ದರು. ಬೆಳಗಿನಿಂದ ಓಡಾಟ, ಗಡಿಬಿಡಿ. ಆ ಗಲಾಟೆಯಲ್ಲಿ ಮಗುವಿಗೆ ದಿನದ ಪ್ರಶ್ನೆ ಹಾಕಲು ಮರೆತೇಹೋಯಿತು. ಏಳು ತಿಂಗಳಲ್ಲಿ ಅದೊಂದೇ ದಿನ. ಹಾಜರಿ ಮುಗಿಸಿ ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದಾಗ ಯಾರೋ ಹಿಂದಿನಿಂದ ಬಟ್ಟೆ ಜಗ್ಗಿದ ಹಾಗಾಯಿತು. ತಿರುಗಿ ನೋಡಿದರೆ ಅದೇ ಮಗು ನಿಂತಿದೆ.

“‘ಟೀಚರ್, ಇವತ್ತು ನೀವು ನನ್ನ ಕೇಳ್ಲೇ ಇಲ್ಲ’ ಅಂದ್ಲು,” ಎನ್ನುತ್ತಾರೆ ಟೀಚರ್. “ನನ್ನ ಕೈಲಿದ್ದ ಸೀಮೆಸುಣ್ಣ ಬಿದ್ದುಹೋಯ್ತು. ಏನು ನೋಡಿದೆ ಪುಟ್ಟಿ ಅಂದೆ. ‘ಕುದುರೆ’ ಅಂದ್ಲು. ‘ನಿನ್ನೇನೂ ಅದೇ ಕುದುರೆ’ ಅಂದ್ಲು. ಅಷ್ಟೂ ದಿನದ್ದು ಒಂದೊಂದಾಗಿ ಹೇಳ್ತಾ ಹೋದ್ಲು. ಎಲ್ಲಾ ಒಳಗೇ ಇಟ್ಕೊಂಡಿದ್ಲು.”

ಗಂಟೆಯಕ್ಕ ಅಳುತ್ತಾರೆ, ನಗುತ್ತಾರೆ, ಮತ್ತೆ ಅಳುತ್ತಾರೆ. ಈಗ ಆ ಹುಡುಗಿ ಎಲ್ಲಿದ್ದಾಳೆ ಎಂದು ಕೇಳುತ್ತಾರೆ. ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಈಗ ಅವಳ ಬಾಯಿ ಮುಚ್ಚಿಸುವುದೇ ಕಷ್ಟ ಎಂದು ಟೀಚರ್ ಹೇಳುತ್ತಾರೆ. ಇಬ್ಬರೂ ಒಬ್ಬರ ಕೈಯನ್ನೊಬ್ಬರು ಹಿಡಿದು ಕುಳಿತಿದ್ದಾರೆ. ಎಂಟುನೂರು ಜನ ಅವರನ್ನೇ ನೋಡುತ್ತಿದ್ದಾರೆ. ಹನ್ನೊಂದನೇ ಭಾಷಣಕಾರರು ಟೈಯನ್ನು ಬಿಚ್ಚಿ ಮತ್ತೊಮ್ಮೆ ಕಟ್ಟಿಕೊಳ್ಳುತ್ತಿದ್ದಾರೆ. ನಾನು ಎಷ್ಟು ಹೊತ್ತಾಯಿತೆಂದು ನೋಡಲು ಹೋಗಲಿಲ್ಲ.

ಕಡೆಗೆ ಸಂಚಾಲಕರೇ ಇಳಿದು ಬರುತ್ತಾರೆ. ಗೋಷ್ಠಿ ಆರು ನಿಮಿಷ ತಡವಾಗಿದೆ, ಇಪ್ಪತ್ತೆಂಟು ವರ್ಷದಲ್ಲಿ ನಿಮ್ಮಿಂದ ಹೀಗಾಗಿರಲಿಲ್ಲ, ಏನಾಯಿತು ಎಂದು ಕೇಳುತ್ತಾರೆ. ದನಿಯಲ್ಲಿ ಕೋಪಕ್ಕಿಂತ ಅಚ್ಚರಿಯೇ ಹೆಚ್ಚು. ಗಂಟೆಯಕ್ಕ ಎದ್ದು, ಕಣ್ಣೊರೆಸಿಕೊಂಡು, ನನ್ನ ಕೈಯಿಂದ ಮೂರೂ ಚೀಟಿಗಳನ್ನು ತೆಗೆದುಕೊಳ್ಳುತ್ತಾರೆ.

“ಒಂದು ಭಾಷಣ ಬಾಕಿ ಇತ್ತು ಸರ್,” ಎನ್ನುತ್ತಾರೆ. “ಈಗ ಮುಗೀತು. ಶುರು ಮಾಡಿ.”